ಚದರಕ್ಕೆ ರೇಟು ಸರಿ, ಸಂಪು ಸೇರಿದೆಯಾ?

ತುಮಕೂರಿನಲ್ಲಿ ನನ್ನ ತಮ್ಮ ಮನೆ ಕಟ್ಟಿಸುವಾಗ ಕಂಟ್ರಾಕ್ಟರ್ ಚದರಕ್ಕೆ ಇಷ್ಟು ಅಂತ ರೇಟು ಹೇಳಿದ್ದರು. ಎಲ್ಲರಿಗೂ ಖುಷಿ. ಆಮೇಲೆ ಸಂಪು ಬೇರೆ, ಕಾಂಪೌಂಡ್ ಬೇರೆ, ಕರೆಂಟ್ ಕನೆಕ್ಷನ್ ಬೇರೆ ಅಂತ ಒಂದೊಂದೇ ಹೊರಗೆ ಬಂತು. ಗ್ರಿಡ್ ಬ್ಯಾಟರಿಗಳ (ಕರೆಂಟು ತುಂಬಿಸಿಟ್ಟು ಬೇಕಾದಾಗ ವಿದ್ಯುತ್ ಜಾಲಕ್ಕೆ ಕೊಡುವ ದೊಡ್ಡ ಬ್ಯಾಟರಿಗಳು) ಟೆಂಡರ್ ಸುದ್ದಿ ಓದುವಾಗಲೆಲ್ಲ ನನಗೆ ಆ ಮನೆಯೇ ನೆನಪಾಗುತ್ತದೆ.

2022ರಲ್ಲಿ ಕೇಂದ್ರದ ಸೋಲಾರ್ ನಿಗಮ ಸೆಕಿ ಕರೆದ 500 ಮೆಗಾವ್ಯಾಟ್ ಟೆಂಡರ್‌ನಲ್ಲಿ ಬ್ಯಾಟರಿ ಹಾಕಿ ನಡೆಸುವ ಕಂಪನಿಗೆ ಒಂದು ಮೆಗಾವ್ಯಾಟ್‌ಗೆ ಕೊಡಬೇಕಾದ ತಿಂಗಳ ಬಾಡಿಗೆ 10.84 ಲಕ್ಷ ರೂಪಾಯಿ. 2024ರ ಕೊನೆಗೆ ರಾಜಸ್ಥಾನದಲ್ಲಿ ಅದು ಸುಮಾರು 2.2 ಲಕ್ಷಕ್ಕೆ ಬಂತು. ಚೀನಾದ ಬ್ಯಾಟರಿ ಸೆಲ್ ಅಗ್ಗವಾಗಿದ್ದು ನಿಜ, ಕೇಂದ್ರದ ಸಹಾಯಧನವೂ ಸೇರಿತ್ತು. ಮಜಾ ಏನೆಂದರೆ, ಮೊದಲಿನ ಆ ಟೆಂಡರ್ ಕಾಗದದಲ್ಲೇ ಎರಡು ವರ್ಷ ಕೂತಿತು, ಅಷ್ಟರಲ್ಲಿ ಮಾರ್ಕೆಟ್ಟೇ ಬಿದ್ದುಹೋಗಿ, 2025ರ ಆರಂಭದಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಆ ದರಕ್ಕೆ ಒಪ್ಪಿಗೆಯನ್ನೇ ಕೊಡಲಿಲ್ಲ.

ನಾನಿರುವುದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ, ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ. 2016ರ ಸೆಪ್ಟೆಂಬರ್ ಬಿರುಗಾಳಿಗೆ ಇಡೀ ರಾಜ್ಯವೇ ಕತ್ತಲಾಯಿತು. ಮರುವರ್ಷ ಜೇಮ್ಸ್‌ಟೌನ್ ಹತ್ತಿರ ಹಾರ್ನ್ಸ್‌ಡೇಲ್ ಬ್ಯಾಟರಿ ಬಂತು, 100 ಮೆಗಾವ್ಯಾಟ್, ಖರ್ಚು ಸುಮಾರು 9 ಕೋಟಿ ಆಸ್ಟ್ರೇಲಿಯನ್ ಡಾಲರ್. 100 ದಿನದಲ್ಲಿ ಮುಗಿಸದಿದ್ದರೆ ಬಿಟ್ಟಿ ಅಂತ ಬ್ಯಾಟರಿ ಕೊಟ್ಟ ಟೆಸ್ಲಾ ಕಂಪನಿಯ ಎಲಾನ್ ಮಸ್ಕ್ ಹೇಳಿದ್ದರು, ಆದರೆ ದಿನ ಎಣಿಸಲು ಶುರು ಮಾಡಿದ್ದು ಗ್ರಿಡ್ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ, ಆ ಹೊತ್ತಿಗೆ ಅರ್ಧ ಬ್ಯಾಟರಿ ಆಗಲೇ ಜಾಗದಲ್ಲಿ ಕೂತಿತ್ತು. ನಮ್ಮೂರಿನ ಕಂಟ್ರಾಕ್ಟರ್‌ಗೂ ಇಷ್ಟು ಜಾಣತನ ಇಲ್ಲ ಬಿಡಿ.

ಇಲ್ಲಿ ಬ್ಯಾಟರಿ ಮಾಲೀಕ ಹೆಚ್ಚಾಗಿ ಮಾರ್ಕೆಟ್ಟಿನಲ್ಲೇ ದುಡಿದುಕೊಳ್ಳಬೇಕು. ಮಧ್ಯಾಹ್ನ ಮನೆಮನೆಯ ಸೋಲಾರ್‌ನಿಂದ ಕರೆಂಟಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದೂ ಉಂಟು, ಆಗ ತುಂಬಿಸಿಕೊಂಡು ಸಂಜೆ ಮಾರುತ್ತಾನೆ. ಲೆಕ್ಕ ಐದೈದು ನಿಮಿಷಕ್ಕೆ. ಯಂತ್ರ ನಿಂತರೆ ನಷ್ಟ ಅವನದೇ, ಹಾಗಾಗಿ ಕೊಳ್ಳುವಾಗ ಬರೀ ಸೆಲ್ ರೇಟು ನೋಡಿದರೆ ಆಗುವುದಿಲ್ಲ. ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಗ್ರಿಡ್‌ಗೆ ಜೋಡಿಸುವ ಸ್ವಿಚ್‌ಯಾರ್ಡ್, ಬೆಂಕಿ ಹರಡದಂತೆ ಬ್ಯಾಟರಿ ಕಂಟೇನರ್‌ಗಳ ಮಧ್ಯೆ ಬಿಡುವ ಜಾಗ, ಎಲ್ಲದಕ್ಕೂ ದುಡ್ಡು ಎತ್ತಿಡಬೇಕು. ಇಲ್ಲಿನ ಜೀಲಾಂಗ್ ಊರಿನ ಹತ್ತಿರದ ಇನ್ನೊಂದು ಗ್ರಿಡ್ ಬ್ಯಾಟರಿಯಲ್ಲಿ 2021ರಲ್ಲಿ ಪರೀಕ್ಷೆ ಮಾಡುವಾಗಲೇ ಕೂಲಂಟ್ (ಬಿಸಿ ಇಳಿಸುವ ದ್ರವ) ಸೋರಿ ಬೆಂಕಿ ಹತ್ತಿ ಎರಡು ಬ್ಯಾಟರಿ ಪೆಟ್ಟಿಗೆ ಸುಟ್ಟವು. ಹಾಗಂತ ಇಲ್ಲಿನದೇ ಸರಿ ಅಂತಲ್ಲ. ಕೂಲಿ ದುಬಾರಿ, ಗ್ರಿಡ್ ಕನೆಕ್ಷನ್‌ಗೆ ಅಲೆದಾಟ ಸಾಕಾಗಿಹೋಗುತ್ತದೆ. ಭಾರತದಲ್ಲಿ ಹತ್ತು ಹನ್ನೆರಡು ವರ್ಷದ ಬಾಡಿಗೆ ಗ್ಯಾರಂಟಿ ಇರುವುದರಿಂದ ಸಾಲ ಸಿಗುವುದು ಸಲೀಸು, ಅದು ಒಳ್ಳೆಯದೇ.

ನನ್ನ ತಕರಾರು ಒಂದೇ. ಕಡಿಮೆ ರೇಟು ಬಂದ ದಿನವೇ ನಾವು ಪಟಾಕಿ ಹೊಡೆಯುತ್ತೇವೆ. ಬ್ಯಾಟರಿ ವರ್ಷ ವರ್ಷವೂ ಸವೆಯುತ್ತದೆ ಅಲ್ವಾ? ಕೊನೆಯ ವರ್ಷದಲ್ಲೂ ಹೇಳಿದಷ್ಟು ಕೊಡಬೇಕೆಂದರೆ ಮೊದಲೇ ಜಾಸ್ತಿ ಹಾಕಬೇಕು, ಇಲ್ಲ ಮಧ್ಯದಲ್ಲಿ ಹೊಸದು ಸೇರಿಸಬೇಕು. ಲಾಭವೇ ಇಲ್ಲದ ರೇಟಿಗೆ ಟೆಂಡರ್ ಹಿಡಿದವನು ಎಂಟನೇ ವರ್ಷಕ್ಕೆ ಕೈಯಿಂದ ದುಡ್ಡು ಹಾಕುತ್ತಾನಾ? ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ, ಹೊತ್ತು ಮುಳುಗಿದರೆ ಅದು ಸೊನ್ನೆ. ಅಂಥ ಕಡೆಗೆ ಬ್ಯಾಟರಿ ಬೇಕೇ ಬೇಕು. ಆದರೆ ನಮ್ಮ ಎಸ್ಕಾಂಗಳು ಸಹಿ ಹಾಕುವ ಮುಂಚೆ ಈ ವರ್ಷದ ರೇಟಿನ ಜೊತೆ ಹತ್ತನೇ ವರ್ಷ ಸಂಜೆ ಏಳಕ್ಕೆ ಎಷ್ಟು ಯೂನಿಟ್ ಕೊಡುತ್ತೀರಿ, ಕೊಡದಿದ್ದರೆ ದಂಡ ಎಷ್ಟು ಅಂತಲೂ ಬರೆಸಿಕೊಳ್ಳಲಿ.