ಬೆನ್ನಿನ ನೀರನ್ನ ಫ್ರಿಜ್ಜಲ್ಲಿ ಇಡಬೇಡ್ರಪ್ಪಾ

ಇವತ್ತೂ ನಮ್ಮ ಲ್ಯಾಬಿಗೆ ಬಂತು. ಎರಡು ಐಸ್ ಪ್ಯಾಕ್ ಮಧ್ಯೆ ಮದುಮಗನ ಹಾಗೆ ಕೂತ್ಕೊಂಡು, ಬೆನ್ನಿಂದ ತೆಗೆಯೋ ಮಿದುಳು-ಬೆನ್ನುಹುರಿ ಸುತ್ತಲಿನ ನೀರು, ಅಂದ್ರೆ ಒಂದು ಸಿಎಸ್‌ಎಫ್ ಸ್ಯಾಂಪಲ್. ಫಾರ್ಮಲ್ಲಿ ‘ಹಿಸ್ಟರಿ’ ಅಂತ ಇರೋ ಕಡೆ ಒಂದೇ ಪದ: ಜ್ವರ. ಮತ್ತೇನು, ಶೋಕಿಗೆ ಯಾರಾದ್ರೂ ಬೆನ್ನಿಗೆ ಸೂಜಿ ಚುಚ್ಚಿಸ್ಕೋತಾರಾ?

ಈ ವಿಷ್ಯಕ್ಕೆ ನಾನು ಕೂಗಾಡೋದು ನಿಮಗೆಲ್ಲ ಹಳೇದು. ಆದ್ರೂ ಕೇಳಿ. ಟಿವಿಯವರು ‘ಮಿದುಳು ತಿನ್ನೋ ಅಮೀಬಾ’ ಅಂತ ಕಿರುಚ್ತಾರಲ್ಲ, ನೇಗ್ಲೇರಿಯಾ ಫೌಲೆರಿ, ಅದು ಬೆಚ್ಚಗಿನ ಸಿಹಿನೀರಲ್ಲಿರುತ್ತೆ. ಆ ನೀರು ಕುಡಿದ್ರೆ ಈ ಕಾಯಿಲೆ ಬರಲ್ಲ. ಮೂಗಿಗೆ ನುಗ್ಗಿದ್ರೆ ಮಾತ್ರ ಅಲ್ಲಿಂದ ಮಿದುಳಿಗೆ ಹತ್ತುತ್ತೆ. ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ. ಸಿಎಸ್‌ಎಫ್‌ನಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಜಾಸ್ತಿ, ಗ್ಲೂಕೋಸ್ ಕಮ್ಮಿ. ಥೇಟ್ ಬ್ಯಾಕ್ಟೀರಿಯಾ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು)! ಬಣ್ಣ ಹಾಕಿ ಬ್ಯಾಕ್ಟೀರಿಯಾ ಹುಡುಕೋ ಗ್ರಾಂ ಸ್ಟೈನಲ್ಲಿ ಏನೂ ಸಿಗಲ್ಲ, ಸ್ಲೈಡ್ ಬಿಸಿ ಮಾಡೋದ್ರಲ್ಲಿ ಅಮೀಬಾನೂ ಹಾಳಾಗಿರುತ್ತೆ. ಆಂಟಿಬಯಾಟಿಕ್ ಹಾಕಿ ಕಾಯ್ತಾ ಕೂರ್ತಾರೆ. ಲಕ್ಷಣ ಶುರುವಾಗಿ ಸುಮಾರು 5 ದಿನಕ್ಕೆ ಎಲ್ಲ ಮುಗಿದಿರುತ್ತೆ. 100ಕ್ಕೆ 97ಕ್ಕಿಂತ ಹೆಚ್ಚು ಜನ ಉಳಿಯಲ್ಲ.

ಮಾಡಬೇಕಾದ್ದೇನು? ಬೆನ್ನಿಂದ ಆಗಷ್ಟೇ ತೆಗೆದ ನೀರಿನ ಒಂದು ಹನಿ, ಸ್ಲೈಡು, ಕವರ್‌ಸ್ಲಿಪ್ಪು. ಮೈಕ್ರೋಸ್ಕೋಪಲ್ಲಿ ಅಮೀಬಾ ಹರಿದಾಡೋದು ಕಣ್ಣಿಗೆ ಕಾಣುತ್ತೆ. ಹರಿದಾಡಿದ್ರೆ ತಾನೇ ಕಾಣೋದು! ಐಸಲ್ಲಿಟ್ರೆ ಮುದುಡಿ ನಿಂತ್ಬಿಡುತ್ತೆ, ಬಿಳಿ ರಕ್ತಕಣಗಳ ಲೆಕ್ಕದಲ್ಲಿ ಸೇರಿಹೋಗುತ್ತೆ. ಹೋಗ್ಲಿ, ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಕಲ್ಚರಿಗಾದ್ರೂ ಫ್ರಿಜ್ ಬೇಕಾ? ಮೆನಿಂಜೈಟಿಸ್ ತರೋ ಮೆನಿಂಗೋಕಾಕಸ್ ಬ್ಯಾಕ್ಟೀರಿಯಾನೂ ಚಳಿ ತಡ್ಕೊಳ್ಳಲ್ಲ. ಅಮೀಬಾದ ಡಿಎನ್ಎ ಹುಡುಕೋ ಪಿಸಿಆರ್ ಟೆಸ್ಟ್ ಇದೆ ನಿಜ. ಅದನ್ನ ಬರೆಯೋಕೂ ಮೊದಲು ಯಾರಿಗಾದ್ರೂ ಅನುಮಾನ ಬರಬೇಕಲ್ಲ.

‘ತುಂಬಾ ಅಪರೂಪ ಮೇಡಂ, ಬೆಂಗಳೂರಲ್ಲಿ ಈಜೋಕೆ ಕೆರೆ ಎಲ್ಲಿದೆ?’ ಅಂದ್ರು ಒಬ್ರು ಡಾಕ್ಟ್ರು. ಒಪ್ಪಿದೆ ಸರ್, ಬೆಳ್ಳಂದೂರಿನ ನೊರೆ ನೋಡಿದ್ರೆ ಅಮೀಬಾನೇ ಊರು ಬಿಟ್ಟೀತು. ಆದ್ರೆ ಬೇಸಿಗೆ ರಜೆಗೆ ಮಕ್ಕಳು ಅಜ್ಜಿ ಊರಿನ ಕೆರೆಗೆ ಹಾರಲ್ವಾ? ಮಾಲೆ ಹಾಕಿದವರು ಪಂಪೆಯಲ್ಲಿ ಮುಳುಗಿ ವಾಪಸ್ ಇದೇ ಊರಿಗೆ ಬರಲ್ವಾ? ಕ್ಲೋರಿನ್ ನೆಟ್ಟಗೆ ಹಾಕದ ಅಪಾರ್ಟ್‌ಮೆಂಟ್ ಪೂಲುಗಳ ಕಥೆ ಬೇರೆ. (ನಂಗೆ ಈಜು ಬರಲ್ಲ, ಪೂಲಿಗೆ ಹೋಗೋರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಅನ್ನಿ.)

2024ರಲ್ಲಿ ಕಲ್ಲಿಕೋಟೆ ಜಿಲ್ಲೆಯ 14ರ ಹುಡುಗ ಈ ಕಾಯಿಲೆ ಬಂದೂ ಬದುಕಿದ. ಬೇಗ ಪತ್ತೆ ಹಚ್ಚಿ ಬೇಗ ಔಷಧಿ ಶುರು ಮಾಡಿದ್ರು. ಕಲ್ಲಿಕೋಟೆ ಏನು ಚಂದ್ರಲೋಕದಲ್ಲಿದೆಯಾ? ಮೆಜೆಸ್ಟಿಕ್ಕಲ್ಲಿ ರಾತ್ರಿ ಬಸ್ ಹತ್ತಿದ್ರೆ ಬೆಳಗ್ಗೆ ಅಲ್ಲಿ.

ಸ್ಯಾಂಪಲ್ ತರೋ ಹುಡುಗ ಜೇಬಲ್ಲಿ ಇಟ್ಕೊಂಡು ಬಂದ್ರೂ ಬೈಯಲ್ಲ, ಐಸ್ ಮಾತ್ರ ಬೇಡ. ರೋಗಿ ಕಳೆದ ಎರಡು ವಾರದಲ್ಲಿ ಎಲ್ಲಾದ್ರೂ ಈಜಿದ್ನಾ, ಮೂಗಿಗೆ ನೀರು ಹೋಗಿತ್ತಾ ಅಂತ ಮನೆಯವರನ್ನ ಕೇಳಿ ಫಾರ್ಮಲ್ಲಿ ಒಂದು ಸಾಲು ಬರೀರಿ. ಕಳಿಸೋಕೆ ಮುಂಚೆ ಒಂದು ಫೋನ್ ಮಾಡಿ. ಊಟಕ್ಕೆ ಎದ್ದಿದ್ರೂ ವಾಪಸ್ ಬಂದು ಸ್ಲೈಡ್ ನೋಡ್ತೀನಿ.