ಐದು ಸ್ಟಾರ್ ಕೊಟ್ಟೋರು ಯಾರೂ ಅಲ್ಲಿ ರಾತ್ರಿ ಮಲಗಿಲ್ಲ

ಬೆಳಿಗ್ಗೆಯಿಂದ ಸಿಟ್ಟು ಇಳೀತಿಲ್ಲ, ಬರೆದೇ ಬಿಡ್ತೀನಿ.

ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆಯವರು ತಾಯಿಗೆ ಒಂದು ವೃದ್ಧಾಶ್ರಮ ಹುಡುಕ್ತಿದ್ದಾರೆ. ಲಕ್ವ ಹೊಡೆದು ಆಕೆಗೆ ಎಡಗಡೆ ಸ್ವಾಧೀನ ಇಲ್ಲ. ಮಗ ಮೊಬೈಲ್ ಹಿಡ್ಕೊಂಡು ಬಂದು, ಗೂಗಲ್‌ನಲ್ಲಿ ಇದಕ್ಕೆ 4.8 ಸ್ಟಾರ್ ಇದೆ, ಇದೇ ಇರಲಿ ಅಂತಿದೀವಿ ಅಂದ. ಆ ರಿವ್ಯೂಗಳನ್ನ ಕೂತು ಓದಿದೆ. ಮಗಳ ಹುಟ್ಟುಹಬ್ಬಕ್ಕೆ ಊಟ ಹಾಕಿಸಿದ್ವಿ, ಬಹಳ ಒಳ್ಳೆ ಜಾಗ. ಅಪ್ಪನ ತಿಥಿಗೆ ಹಣ್ಣು ಹಂಚಿದ್ವಿ, ಮನಸ್ಸಿಗೆ ನೆಮ್ಮದಿ ಆಯ್ತು. ಕಾರು ನಿಲ್ಲಿಸೋಕೆ ಜಾಗ ಇದೆ. ಉದ್ದಕ್ಕೂ ಇಂಥವೇ.

ಊಟ ಹಾಕಿಸೋರ ಒಳ್ಳೆ ಮನಸ್ಸಿನ ಬಗ್ಗೆ ನನಗೆ ಗೌರವ ಇದೆ. ಆದರೆ ಅವರು ಹನ್ನೆರಡು ಗಂಟೆಗೆ ಬಂದು ಎರಡಕ್ಕೆ ಹೊರಡ್ತಾರೆ. ಆ ಹೊತ್ತಿಗೆ ಎಲ್ಲರಿಗೂ ಸ್ನಾನ ಆಗಿರುತ್ತೆ, ನೆಲ ಒರೆಸಿರುತ್ತೆ, ಎಲ್ಲರನ್ನೂ ಸಾಲಾಗಿ ಕೂರಿಸಿರ್ತಾರೆ. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋಗಬೇಕು ಅಂತ ಕೂಗಿದರೆ ಯಾರು ಎದ್ದು ಬರ್ತಾರೆ? ಅದನ್ನ ಹೇಳಬೇಕಾದವರ ಕೈಯಲ್ಲಿ ಮೊಬೈಲೇ ಇಲ್ಲ. ನಮ್ಮ ದೊಡ್ಡಪ್ಪ ಇದ್ದ ಕಡೆಯೂ ಸ್ಟಾರಿಗೇನೂ ಕಮ್ಮಿ ಇರಲಿಲ್ಲ. ರಾತ್ರಿ ಬಿದ್ದ ಅವರನ್ನ ಬೆಳಿಗ್ಗೆ ಕಾಫಿ ಕೊಡೋಕೆ ಬಂದವರು ನೋಡಿದ್ದು. ಇದನ್ನ ಬರೆಯೋವಾಗ ಈಗಲೂ ಕೈ ನಡುಗುತ್ತೆ.

ನಮ್ಮಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ದಿಕ್ಕಿಲ್ಲದ 150 ಹಿರಿಯರಿಗಾದರೂ ಜಾಗ ಇರೋ ವೃದ್ಧಾಶ್ರಮವನ್ನ ರಾಜ್ಯ ಸರ್ಕಾರ ಜಿಲ್ಲೆಗೊಂದರಂತೆ ತೆರೆಯಬಹುದು ಅನ್ನುತ್ತೆ. ಆಶ್ರಮ ಹೇಗೆ ನಡೀತಿದೆ ಅಂತ ದರ್ಜೆ ಕೊಟ್ಟು ಜನರ ಮುಂದಿಡೋ ಮಾತು ಅದರಲ್ಲಿ ಇಲ್ಲ. ನೋಂದಣಿ, ಕನಿಷ್ಠ ಮಾನದಂಡ ಎಲ್ಲ ಸೇರಿಸಿ 2019ರಲ್ಲಿ ತಿದ್ದುಪಡಿ ಮಸೂದೆ ತಂದರು, ಆ ಲೋಕಸಭೆಯ ಅವಧಿ ಮುಗಿದರೂ ಅದು ಪಾಸಾಗಲಿಲ್ಲ. ಹಾಗಾಗಿ ನಮಗೆ ಉಳಿದದ್ದು ಗೂಗಲ್ ಸ್ಟಾರು.

ಇಂಗ್ಲೆಂಡಿನಲ್ಲಿ ನರ್ಸ್ ಆಗಿರೋ ಚಿಕ್ಕಮ್ಮನ ಮಗಳ ಹತ್ತಿರ ಮಧ್ಯಾಹ್ನ ಇದನ್ನೇ ಮಾತಾಡ್ದೆ. ಅಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಅನ್ನೋ ನಿಯಂತ್ರಣ ಸಂಸ್ಥೆ ಇಂಥ ಆಶ್ರಮಗಳ ತಪಾಸಣೆ ಮಾಡಿ ನಾಲ್ಕು ದರ್ಜೆಯಲ್ಲಿ ಒಂದನ್ನ ಕೊಡುತ್ತೆ: ಅತ್ಯುತ್ತಮ, ಉತ್ತಮ, ಸುಧಾರಿಸಬೇಕು, ಸಾಲದು. 2015ರಿಂದ ಅದನ್ನ ಆಶ್ರಮದಲ್ಲಿ ಬಂದವರ ಕಣ್ಣಿಗೆ ಬೀಳೋ ಹಾಗೆ ಹಾಕಲೇಬೇಕು. ಕೇಳೋಕೆ ಚೆಂದ. ಆದರೆ 2024ರಲ್ಲಿ ಅಲ್ಲಿನ ಸರ್ಕಾರವೇ ಪೆನ್ನಿ ಡ್ಯಾಶ್ ಅನ್ನೋ ಡಾಕ್ಟರಿಂದ ಈ ಕಮಿಷನ್ನಿನ ಬಗ್ಗೆ ಮಾಡಿಸಿದ ಪರಿಶೀಲನೆಯಲ್ಲಿ ಏನು ಬಂತು? ಎಷ್ಟೋ ದರ್ಜೆಗಳು ವರ್ಷಗಟ್ಟಲೆ ಹಳೆಯವು. ಬೇರೆ ಬೇರೆ ವರ್ಷದ ತಪಾಸಣೆಗಳನ್ನ ಕೂಡಿಸಿ ಒಂದೇ ದರ್ಜೆ ಮಾಡಿದ್ದೂ ಇದೆ. ನಡುವೆ ಮ್ಯಾನೇಜರ್ ಬದಲಾಗಿರಬಹುದು, ಪಳಗಿದ ಕೈಗಳೆಲ್ಲ ಕೆಲಸ ಬಿಟ್ಟಿರಬಹುದು. ಬಾಗಿಲಲ್ಲಿ ಮಾತ್ರ ಉತ್ತಮ ಅಂತಲೇ ಇರುತ್ತೆ. ನಮ್ಮನೆ ಫ್ರಿಜ್ ಮೇಲಿನ ಸ್ಟಾರ್ ಚೀಟಿಯಲ್ಲೂ ಅದು ಯಾವ ಅವಧಿಯದು, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇರುತ್ತೆ. ಅಮ್ಮನನ್ನ ಬಿಟ್ಟು ಬರೋ ಜಾಗಕ್ಕೆ ಅಷ್ಟೂ ಬೇಡವಾ?

ಅಮೆರಿಕದವರು 2008ರಲ್ಲೇ ನರ್ಸಿಂಗ್ ಹೋಮ್‌ಗಳಿಗೆ (ನಮ್ಮಲ್ಲಿನ ಹಾಗೆ ಆಸ್ಪತ್ರೆ ಅಲ್ಲ, ಹಿರಿಯರನ್ನ ಇಟ್ಕೊಂಡು ನೋಡ್ಕೊಳ್ಳೋ ಜಾಗ) ಒಂದರಿಂದ ಐದು ಸ್ಟಾರ್ ಕೊಡೋಕೆ ಶುರು ಮಾಡಿದರು. ಮೊದಮೊದಲು ಸಿಬ್ಬಂದಿ ಎಷ್ಟಿದ್ದಾರೆ ಅಂತ ಹೋಮ್‌ನವರೇ ಬರೆದುಕೊಟ್ಟಿದ್ದನ್ನ ನಂಬ್ತಿದ್ದರು. ಆಮೇಲೆ ಬುದ್ಧಿ ಬಂತು, 2018ರಿಂದ ಸಂಬಳದ ಲೆಕ್ಕ ನೋಡ್ತಾರೆ. 2022ರಿಂದ ಶನಿವಾರ ಭಾನುವಾರ ಎಷ್ಟು ಜನ ಕೆಲಸದಲ್ಲಿರ್ತಾರೆ, ವರ್ಷದಲ್ಲಿ ಎಷ್ಟು ಜನ ಬಿಟ್ಟು ಹೋದರು ಅನ್ನೋದನ್ನೂ ತೋರಿಸ್ತಿದ್ದಾರೆ. ನನಗೆ ಬೇಕಿರೋದು ಇದೇ. ಮನೆಯವರು ಬಾಗಿಲಲ್ಲಿ ನಿಂತು ಕೇಳೋ ಪ್ರಶ್ನೆಗೆ ಉತ್ತರ ಸಿಗಬೇಕು, ಅದೂ ಓದಿದ ಕೂಡಲೇ ಅರ್ಥ ಆಗೋ ಹಾಗೆ.

ಸೇವೆಯನ್ನ ಅಳೆಯೋಕಾಗಲ್ಲ, ಪ್ರೀತಿಗೆ ಮಾರ್ಕ್ಸ್ ಹಾಕೋಕಾಗಲ್ಲ, ಪಾಪ ಕಷ್ಟಪಟ್ಟು ನಡೆಸೋರ ಮನಸ್ಸು ನೋಯುತ್ತೆ ಅಂತ ಕೆಲವರು ಬರ್ತಾರೆ, ಗೊತ್ತು. ಪ್ರೀತಿ ಅಳೀಬೇಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಿ. ಮೂರು ತಿಂಗಳಲ್ಲಿ ಎಷ್ಟು ಜನ ಬಿದ್ದರು, ಎಷ್ಟು ಜನರಿಗೆ ಬೆನ್ನುಹುಣ್ಣು ಆಯ್ತು ಅಂತ ಬರೆದಿಡಿ. ನಿಯತ್ತಾಗಿ ನಡೆಸೋರಿಗೆ ಇದರಿಂದ ಲಾಭವೇ. ಈಗ ಅವರಿಗೂ 4.8, ಹಿರಿಯರನ್ನ ಕೂಡಿ ಹಾಕಿ ದುಡ್ಡು ಎಣಿಸೋರಿಗೂ 4.8.

ಮೈಸೂರು, ಮಂಡ್ಯ ಜಿಲ್ಲಾಡಳಿತದವರು ಇದಕ್ಕೆ ದೊಡ್ಡ ಪೋರ್ಟಲ್ ಮಾಡಬೇಕಾಗಿಲ್ಲ. ಗೇಟಿನ ಹತ್ತಿರ ಕನ್ನಡದಲ್ಲಿ ಒಂದು ಬೋರ್ಡು ಸಾಕು, ಚಾಳೀಸು ಹಾಕದವರಿಗೂ ಕಾಣೋ ಅಕ್ಷರದಲ್ಲಿ. ಕೊನೇ ತಪಾಸಣೆ ಯಾವತ್ತು, ಏನು ಕಂಡಿತು, ರಾತ್ರಿ ಎಷ್ಟು ಜನ, ಡಾಕ್ಟರು ಯಾವ ದಿನ ಬರ್ತಾರೆ, ದೂರು ಯಾರಿಗೆ.

ಅಲ್ಲೀವರೆಗೆ ಒಂದು ಕೋರಿಕೆ. ಊಟ ಹಾಕಿಸಿ ಬಂದವರು ದಯವಿಟ್ಟು ಸ್ಟಾರ್ ಒತ್ತಬೇಡಿ. ನಿಮ್ಮವರು ಯಾರಾದರೂ ಅಂಥ ಕಡೆ ಇದ್ದರೆ, ಅಲ್ಲಿ ರಾತ್ರಿ ಹೇಗೆ ಅಂತ ಅವರನ್ನೇ ಕೇಳಿ, ಅದನ್ನ ಬರೆಯಿರಿ, ತಾರೀಖು ಹಾಕಿ.