ಬರೇ ತಾರೀಖ್ ಬರ್ಕೊಂಡ್ ಬಂದ್ರ ವಕೀಲಿ ಬರಂಗಿಲ್ರಿ

ಸೀನಿಯರ್‌ಗಳು ಜೂನಿಯರ್ ವಕೀಲ್ರಿಗೆ ಕೆಲಸ ಕಲಿಸಂಗಿಲ್ಲ ಅಂತ ಬರ್ದೀರಲ್ರಿ ಸರ್, ಅರ್ಧ ಖರೆ ಐತಿ. ನಾ ರಾಯಚೂರಾಗ ಮೊದ್ಲು ಒಬ್ರ ಕಡೆ ಎರಡ್ ವರ್ಷ ಇದ್ದೆ, ತಾರೀಖ್ ಬರ್ಕೊಳ್ಳೂದು ಝೆರಾಕ್ಸ್ ಮಾಡ್ಸೂದು ಇಷ್ಟ, ಬಸ್ ಚಾರ್ಜಿಗೂ ಮನ್ಯಾಗೇ ಕೇಳ್ಬೇಕಿತ್ತು. ಆಮ್ಯಾಲ ಬರೇ ಫ್ಯಾಮಿಲಿ ಕೇಸ್ ನಡ್ಸೋ ಮೇಡಂ ಒಬ್ರ ಆಫೀಸಿಗೆ ಸೇರ್ದೆ, ಮೊದಲ್ನೇ ದಿನಾನೇ ಪೆನ್ ಕೆಳಗಿಡಪಾ, ಸುಮ್ನ ಕೇಳು ಅಂದ್ರು. ಮಾನ್ವಿ ಕಡೆಯಿಂದ ಒಬ್ಬಾಕಿ ಕೂಸು ಎತ್ಕೊಂಡ್ ಬಂದಿದ್ಲು, ಡೈವೋರ್ಸ್ ಬೇಕು ಅಂತ ಜೊತೀಗಿದ್ದ ಅಣ್ಣನೇ ಎಲ್ಲಾ ಮಾತಾಡಾಕತ್ತಿದ್ದ, ಮೇಡಂ ಅವನ್ನ ಚಾ ಕುಡ್ದ್ ಬಾ ಹೋಗು ಅಂತ ಹೊರಗ ಕಳ್ಸಿದ್ರು ನೋಡ್ರಿ, ಆಗ ಆಕಿ ಬಾಯಿ ಬಿಟ್ಲು, ಆಕೀಗೆ ಡೈವೋರ್ಸ್ ಬ್ಯಾಡಾಗಿತ್ತು, ಖರ್ಚಿಗೆ ರೊಕ್ಕ ಬೇಕಿತ್ತು ಅಷ್ಟ! ಇದ್ನ ಯಾವ ಲಾ ಕಾಲೇಜಾಗ ಹೇಳ್ಕೊಡ್ತಾರ?

ಜೀವನಾಂಶದ ಕೇಸಿಗೆ ಗಂಡ ಹೆಂಡ್ತಿ ಇಬ್ರೂ ಆಸ್ತಿ-ಸಾಲದ ಅಫಿಡವಿಟ್ ಕೊಡ್ಬೇಕು ಅಂತ 2020ರಾಗ ಸುಪ್ರೀಂ ಕೋರ್ಟ್ ಹೇಳೇತಲ್ಲ, ಅದ್ನ ನನ್ ಕೈಲೇ ನಾಕ್ ಸಲ ತಿದ್ದಿ ಬರ್ಸಿದ್ರು, ಭತ್ತದ ಗದ್ದಿ ಎಷ್ಟ್ ಎಕರೆ, ಲೀಜಿಗೆ ಕೊಟ್ಟಾನೇನು, ಪಹಣಿ ಎಲ್ಲಿ ಅಂತ ಕೇಳ್ಕೋತ. ಇನ್ನ ಫ್ಯಾಮಿಲಿ ಕೋರ್ಟ್ ಕಾಯ್ದೆ 1984ರ 13ನೇ ಕಲಂ ಪ್ರಕಾರ ಅಲ್ಲಿ ವಕೀಲ್ರನ್ನ ಇಟ್ಕೊಳ್ಳೂದು ಕಕ್ಷಿದಾರ್ರ ಹಕ್ಕಲ್ಲ, ಕೋರ್ಟ್ ಒಪ್ಪಿದ್ರಷ್ಟ, ಬಾಯಿ ಜೋರಿದ್ರ ನಡೀತೈತಿ ಅನ್ಕೊಂಡ್ ಬಂದ ನನ್ನಂಥವ್ರಿಗೆ ಇದೂ ಒಂದ್ ಪಾಠನೇ. ಪಗಾರ ಮಾತ್ರ ಅಲ್ಲೂ ಕಮ್ಮೀನೇ ಇತ್ತು, ಸುಳ್ಳ್ ಯಾಕ್ ಹೇಳ್ಲಿ.